ನಾವಿಕರಿಲ್ಲದ ಜಲಾಂತರ್ಗಾಮಿ

ಪದದಿಂದಲೇ ಮೊದಲುಮಾಡೋಣ. ಇಂಗ್ಲಿಷಿನ 'ಸಬ್‌ಮೆರೀನ್' ಎಂಬ ಮಾತಿಗೆ ಕಡಲಿನ ಕೆಳಗಿನದು ಎಂಬುದಷ್ಟೇ ಅರ್ಥ. ನಮ್ಮವರು ಅದಕ್ಕೆ ಸಂಸ್ಕೃತದ ಬಲದಿಂದ ಕಟ್ಟಿಕೊಂಡ 'ಜಲಾಂತರ್ಗಾಮಿ' ಒಂದು ಹೆಜ್ಜೆ ಮುಂದಿದೆ. ನೀರಿನೊಳಗೆ ಸಂಚರಿಸುವುದು ಎಂಬ ಚಲನೆಯ ಅರ್ಥವನ್ನೂ ಅದು ಹೊತ್ತುಕೊಂಡಿದೆ. ಆದರೆ ಒಳಗೆ ಮನುಷ್ಯರಿರುತ್ತಾರೆಂಬುದನ್ನು ಈ ಎರಡು ಮಾತುಗಳಲ್ಲಿ ಯಾವುದೂ ಹೇಳುವುದಿಲ್ಲ. ಅದನ್ನು ನಾವೇ ಊಹಿಸಿಕೊಂಡಿದ್ದೇವೆ. ಕಳೆದ ಆರೇಳು ದಶಕಗಳಲ್ಲಿ ಈ ಊಹೆಗೆ ಹೊರತಾದ ಒಂದು ಬಗೆಯ ನೌಕೆ ಬೆಳೆದುಬಂದಿದೆ. ಅದರ ಒಡಲಲ್ಲಿ ಯಾರೂ ಇರುವುದಿಲ್ಲ. ತಾಯಿಹಡಗಿನಿಂದ ಅದಕ್ಕೆ ಹಗ್ಗವಿಲ್ಲ, ತಂತಿಯಿಲ್ಲ. ನೀರಿಗೆ ಇಳಿಸಿ ಕೈಬಿಟ್ಟ ಮೇಲೆ ಅದು ತನ್ನ ದಾರಿಯನ್ನು ತಾನೇ ಹಿಡಿದು ಹೋಗಿ, ಕೆಲಸ ಮುಗಿಸಿ, ಗೊತ್ತುಮಾಡಿದ ಸ್ಥಳಕ್ಕೆ ಬಂದು ಮೇಲೇಳುತ್ತದೆ. ಪತ್ರಿಕೆಗಳು ಇದನ್ನು 'ಸ್ವಯಂಚಾಲಿತ' ಎಂದು ಬರೆಯುವುದುಂಟು. ಅದು ಸಾಲದೆಂದು ನನಗೆ ತೋರುತ್ತದೆ. ಗೋಡೆಯ ಗಡಿಯಾರವೂ ಸ್ವಯಂಚಾಲಿತವೇ. ಈ ಯಂತ್ರವಾದರೋ ತಾನಾಗಿ ಚಲಿಸುವುದಷ್ಟೇ ಅಲ್ಲ, ಎದುರಾದ ಸನ್ನಿವೇಶವನ್ನು ಅಳೆದು, ಕೊಟ್ಟ ಅಪ್ಪಣೆಯ ಎಲ್ಲೆಯೊಳಗೆ, ಮುಂದೇನು ಮಾಡಬೇಕೆಂಬುದನ್ನೂ ತಾನೇ ನಿಶ್ಚಯಿಸುತ್ತದೆ. ಆದ್ದರಿಂದ 'ಸ್ವಾಯತ್ತ ನೌಕೆ' ಎಂಬ ಮಾತನ್ನು ಬಳಸುತ್ತೇನೆ.

ಹಳೆಯ ಜಲಾಂತರ್ಗಾಮಿಗಳ ಚರಿತ್ರೆಯನ್ನು ಓದುವಾಗ ಮೊದಲು ಎದ್ದು ಕಾಣುವುದು ಯುದ್ಧವಲ್ಲ, ಉಸಿರು. ೧೭೭೫ರಲ್ಲಿ ಅಮೆರಿಕದ ಸ್ವಾತಂತ್ರ್ಯಸಮರದ ಕಾಲಕ್ಕೆ ಡೇವಿಡ್ ಬುಷ್ನೆಲ್ ಎಂಬಾತ ರಚಿಸಿದ 'ಟರ್ಟಲ್' ಎಂಬ ಓಕ್ ಮರದ ನೌಕೆಯನ್ನೇ ನೋಡಿ. ಆಮೆಯ ಎರಡು ಚಿಪ್ಪುಗಳನ್ನು ಎದುರುಬದುರಾಗಿ ಜೋಡಿಸಿದಂತಿದ್ದ ಅದರೊಳಗೆ ಒಬ್ಬನೇ ಒಬ್ಬ ಕುಳಿತು, ಕೈಯಿಂದ ತಿರುಪನ್ನು ತಿರುಗಿಸಿ ಅದನ್ನು ನಡೆಸಬೇಕಾಗಿತ್ತು. ಮುಳುಗಿದ ಮೇಲೆ ಒಳಗಿನ ಗಾಳಿ ಅರ್ಧ ಗಂಟೆಗೆ ಸಾಕಾಗುತ್ತಿತ್ತು. ದೀಪ ಹಚ್ಚಿದರೆ ಆ ಗಾಳಿಯನ್ನು ದೀಪವೇ ತಿಂದುಹಾಕುತ್ತದೆ. ಹಚ್ಚದಿದ್ದರೆ ದಿಕ್ಸೂಚಿ ಕಾಣದು. ಬುಷ್ನೆಲ್ ಇದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯವಾದದ್ದು. ಕೊಳೆತ ಮರದ ಮೇಲೆ ಬೆಳೆದು ಇರುಳಲ್ಲಿ ತಣ್ಣಗೆ ಮಿನುಗುವ ಒಂದು ಬಗೆಯ ಬೂಸಲನ್ನು ತಂದು ದಿಕ್ಸೂಚಿಯ ಮುಳ್ಳಿಗೂ ಆಳವನ್ನು ತೋರಿಸುವ ಮಾಪಕಕ್ಕೂ ಗುರುತಾಗಿ ಇಟ್ಟನು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಮಳೆಗಾಲದ ರಾತ್ರಿ ಹೀಗೆ ಬೆಳಗುವ ಕೊರಡುಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ೧೭೭೬ರ ಸೆಪ್ಟೆಂಬರಿನ ಒಂದು ರಾತ್ರಿ ಎಜ್ರಾ ಲೀ ಎಂಬ ಸಾರ್ಜೆಂಟ್ ಈ ಆಮೆಯೊಳಗೆ ಕುಳಿತು ನ್ಯೂಯಾರ್ಕ್ ಬಂದರಿನಲ್ಲಿ ಲಂಗರು ಹಾಕಿದ್ದ ಬ್ರಿಟಿಷರ 'ಈಗಲ್' ಹಡಗಿನ ಕೆಳಕ್ಕೆ ಹೋದನು. ಸಿಡಿಮದ್ದನ್ನು ಹಡಗಿನ ತಳಕ್ಕೆ ತಿರುಪಿನಿಂದ ಬಿಗಿಯಲು ಯತ್ನಿಸಿದನು, ಅದು ಕಚ್ಚಲಿಲ್ಲ. ಕೆಲಸ ಕೈಗೂಡದಿದ್ದರೂ ಜೀವ ಉಳಿಸಿಕೊಂಡು ಹಿಂದಿರುಗಿದನು.

ಹಾಗೆ ಹಿಂದಿರುಗುವ ಭಾಗ್ಯ 'ಹನ್ಲಿ'ಯ ನಾವಿಕರಿಗೆ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ೧೮೬೩ರಲ್ಲಿ ಕಟ್ಟಿದ ಈ ಕಬ್ಬಿಣದ ನೌಕೆ ಸುಮಾರು ನಲವತ್ತು ಅಡಿ ಉದ್ದವಿದ್ದು, ಒಳಗೆ ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಾಗಿತ್ತು. ಏಳು ಮಂದಿ ಸಾಲಾಗಿ ಕುಳಿತು ಒಂದೇ ಉದ್ದನೆಯ ಹಿಡಿಕೆದಂಡವನ್ನು ತಿರುವಬೇಕು. ಎಂಟನೆಯವನು ಮುಂದೆ ನಿಂತು ದಾರಿ ನೋಡಬೇಕು. ಪರೀಕ್ಷೆಯ ಕಾಲದಲ್ಲಿಯೇ ಅದು ಎರಡು ಸಲ ಮುಳುಗಿತು. ಮೊದಲ ಸಲ ಐದು ಮಂದಿ ಸತ್ತರು. ಎರಡನೆಯ ಸಲ ಎಂಟು ಮಂದಿ, ಅವರಲ್ಲಿ ನೌಕೆಗೆ ಹೆಸರು ಕೊಟ್ಟ ಹೊರೇಸ್ ಹನ್ಲಿಯೂ ಒಬ್ಬ. ಎರಡು ಸಲವೂ ಅದನ್ನು ಮೇಲಕ್ಕೆತ್ತಿ, ತೊಳೆದು, ಹೊಸ ಜನರನ್ನು ಕೂರಿಸಿದರು. ೧೮೬೪ರ ಫೆಬ್ರವರಿ ೧೭ರ ರಾತ್ರಿ ಚಾರ್ಲ್ಸ್‌ಟನ್ ಬಂದರಿನ ಹೊರಗೆ ಅದು 'ಹೌಸಟಾನಿಕ್' ಎಂಬ ಯುದ್ಧನೌಕೆಯನ್ನು ಮುಳುಗಿಸಿತು. ಜಲಾಂತರ್ಗಾಮಿಯೊಂದು ವೈರಿಯ ಹಡಗನ್ನು ಮುಳುಗಿಸಿದ್ದು ಚರಿತ್ರೆಯಲ್ಲಿ ಅದೇ ಮೊದಲು. ಆ ಹಡಗಿನಲ್ಲಿ ಸತ್ತವರು ಐವರು. 'ಹನ್ಲಿ' ಮಾತ್ರ ತನ್ನ ಎಂಟು ಮಂದಿಯೊಡನೆ ಮರಳಿ ಬರಲೇ ಇಲ್ಲ. ೧೯೯೫ರಲ್ಲಿ ಅದನ್ನು ಪತ್ತೆಹಚ್ಚಿ ೨೦೦೦ದ ಆಗಸ್ಟಿನಲ್ಲಿ ಮೇಲೆತ್ತಿ ಒಳಗೆ ನೋಡಿದಾಗ, ಅಸ್ಥಿಗಳು ಅವರವರು ಕುಳಿತಿದ್ದ ಸ್ಥಾನದಲ್ಲಿಯೇ ಇದ್ದವು. ಬಾಗಿಲ ಕಡೆಗೆ ನುಗ್ಗಿದ ಕುರುಹೇ ಇರಲಿಲ್ಲ. ೨೦೦೪ರಲ್ಲಿ ಅವರನ್ನು ಚಾರ್ಲ್ಸ್‌ಟನ್ನಿನಲ್ಲಿ ಮಣ್ಣುಮಾಡಿದರು.

ಒಟ್ಟು ಇಪ್ಪತ್ತೊಂದು ಪ್ರಾಣಗಳು, ಒಂದು ಹಡಗು. ಈ ಲೆಕ್ಕ ಮುಂದೆಯೂ ಬಹಳ ಕಾಲ ಹೆಚ್ಚು ಬದಲಾಗಲಿಲ್ಲವೆನ್ನಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಯೂ-ಬೋಟುಗಳಲ್ಲಿ ಕೆಲಸ ಮಾಡಿದ ಸುಮಾರು ನಲವತ್ತು ಸಾವಿರ ಮಂದಿಯಲ್ಲಿ ಮೂವತ್ತು ಸಾವಿರದಷ್ಟು ಮಂದಿ ಮನೆಗೆ ಮರಳಲಿಲ್ಲ. ಆ ಯೂ-ಬೋಟುಗಳಾದರೂ ನಿಜವಾದ ಅರ್ಥದಲ್ಲಿ ಜಲಾಂತರ್ಗಾಮಿಗಳೇ ಎಂದು ಕೇಳಬಹುದು. ಅವು ಹೆಚ್ಚು ಕಾಲ ನೀರಿನ ಮೇಲೆಯೇ ಡೀಸೆಲ್ ಎಂಜಿನ್ನಿನಿಂದ ಓಡುತ್ತ, ಬೇಕಾದಾಗ ಮಾತ್ರ ಮುಳುಗಿ ಬ್ಯಾಟರಿಯ ಬಲದಿಂದ ತೆವಳುತ್ತಿದ್ದವು. ಅವುಗಳಲ್ಲಿ ಬಹುಸಂಖ್ಯೆಯಲ್ಲಿದ್ದ ಏಳನೆಯ ಮಾದರಿಯ ದೋಣಿ ಮುಳುಗಿಕೊಂಡು ನಾಲ್ಕು ನಾಟ್ ವೇಗದಲ್ಲಿ ಹೋದರೆ ಎಂಬತ್ತು ನಾವಿಕ ಮೈಲಿಯ ಸುಮಾರಿಗೆ ಬ್ಯಾಟರಿ ಬರಿದಾಗುತ್ತಿತ್ತು. ಮೇಲೆದ್ದು ಗಾಳಿ ತುಂಬಿಕೊಳ್ಳದೆ ಗತ್ಯಂತರವಿರಲಿಲ್ಲ. ಈ ಕಟ್ಟು ಬಿಚ್ಚಿದ್ದು ಅಣುಶಕ್ತಿಯಿಂದ. ೧೯೫೫ರ ಜನವರಿಯಲ್ಲಿ ಅಣುಶಕ್ತಿಯಿಂದ ಹೊರಟ ಅಮೆರಿಕದ 'ನಾಟಿಲಸ್' ೧೯೫೮ರ ಆಗಸ್ಟ್ ೩ರಂದು ಉತ್ತರಧ್ರುವದ ಹಿಮದ ಅಡಿಯಲ್ಲಿ ಹಾದುಹೋಯಿತು. ಗಾಳಿಯನ್ನೂ ಕುಡಿಯುವ ನೀರನ್ನೂ ಒಳಗೇ ತಯಾರಿಸಿಕೊಳ್ಳುವಂತಾದ ಮೇಲೆ ನಾವಿಕರ ಆಹಾರ ಮುಗಿಯುವುದೊಂದೇ ಅವಧಿಗೆ ಮಿತಿಯಾಯಿತು. ನಾಟಿಲಸ್ ಎಂಬ ಹೆಸರನ್ನು ಫುಲ್ಟನ್ ಎಂಬಾತ ೧೮೦೦ರಲ್ಲಿಯೇ ತನ್ನ ಜಲಾಂತರ್ಗಾಮಿಗೆ ಇಟ್ಟಿದ್ದನು. ಆಮೇಲೆ ಜೂಲ್ಸ್ ವೆರ್ನ್ ತನ್ನ ಕಾದಂಬರಿಯ ನೌಕೆಗೆ ಇಟ್ಟನು. ಆ ಕಾದಂಬರಿಯ ಕಪ್ತಾನ ನೀಮೋ ಯಾವ ದೇಶದವನೆಂಬ ಗುಟ್ಟು ಮುಂದಿನ ಇನ್ನೊಂದು ಕಾದಂಬರಿಯಲ್ಲಿ ಒಡೆಯುತ್ತದೆ: ಆತ ನಮ್ಮ ಬುಂದೇಲಖಂಡದ ರಾಜಕುಮಾರ!

ಇಲ್ಲಿಯವರೆಗೆ ಹೇಳಿದ್ದು ವಂಶದ ಒಂದು ಕವಲು. ಆದರೆ ಸ್ವಾಯತ್ತ ನೌಕೆಯನ್ನು ಜಲಾಂತರ್ಗಾಮಿಯ ಮಗುವೆಂದು ತಿಳಿಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅದು ಟಾರ್ಪಿಡೋದ ಸಂತಾನ. ಆಸ್ಟ್ರಿಯದ ನೌಕಾಪಡೆಯಲ್ಲಿದ್ದ ಲುಪಿಸ್ ಎಂಬ ಅಧಿಕಾರಿ ಸಿಡಿಮದ್ದು ತುಂಬಿದ ಚಿಕ್ಕ ದೋಣಿಯೊಂದನ್ನು ದಡದಿಂದ ಹಗ್ಗಗಳ ಮೂಲಕ ನಡೆಸುವ ಯೋಚನೆ ಮಾಡಿದ್ದನು. ಅದು ಪ್ರಯೋಜನಕ್ಕೆ ಬರಲಿಲ್ಲ. ಫಿಯೂಮೆ ಪಟ್ಟಣದಲ್ಲಿ ಎಂಜಿನಿಯರನಾಗಿದ್ದ ರಾಬರ್ಟ್ ವೈಟ್‌ಹೆಡ್ ಎಂಬ ಆಂಗ್ಲನು ಆ ಹಗ್ಗವನ್ನೇ ಕಿತ್ತುಹಾಕಿ, ೧೮೬೬ರಲ್ಲಿ, ನೀರಿನೊಳಗೆ ತಾನೇ ಓಡುವ ಟಾರ್ಪಿಡೋವನ್ನು ಮಾಡಿದನು. ಅದು ಒಂದೇ ಆಳದಲ್ಲಿ ಓಡಬೇಕಾದರೆ ಹೇಗೆ? ನೀರಿನ ಒತ್ತಡವನ್ನು ಅರಿಯುವ ಒಂದು ಕವಾಟ, ಓಲುವಿಕೆಯನ್ನು ಅರಿಯುವ ಒಂದು ಲೋಲಕ, ಇವೆರಡನ್ನೂ ಸೇರಿಸಿ ಹಿಂಬದಿಯ ರೆಕ್ಕೆಗೆ ಕಟ್ಟಿದನು. ಹೆಚ್ಚು ಆಳಕ್ಕಿಳಿದರೆ ರೆಕ್ಕೆ ತಾನೇ ಮೇಲಕ್ಕೆ ತಿರುಗುತ್ತದೆ. ಮೇಲಕ್ಕೆ ಬಂದರೆ ಕೆಳಕ್ಕೆ. ಈ ಜೋಡಣೆಗೆ ಅವನ ಕಾರ್ಖಾನೆಯಲ್ಲಿ 'ಗುಟ್ಟು' ಎಂದೇ ಹೆಸರಿತ್ತಂತೆ. ಮುಂದೆ ಮೂವತ್ತು ವರ್ಷಗಳ ಬಳಿಕ, ದಿಕ್ಕು ತಪ್ಪದಂತೆ ಕಾಯಲು ಗೈರೋಸ್ಕೋಪೂ ಬಂದಿತು. ಒಳಗೆ ಮನುಷ್ಯನಿಲ್ಲದೆ ತನ್ನ ಸ್ಥಿತಿಯನ್ನು ತಾನೇ ಅರಿತು ತಿದ್ದಿಕೊಳ್ಳುವ ಯಂತ್ರ ಹೀಗೆ ಕಡಲಿಗಿಳಿಯಿತು. ಹಿಂದಿರುಗಿ ಬರುವುದೊಂದನ್ನು ಮಾತ್ರ ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದನ್ನು ಕಲಿಸುವ ಕೆಲಸ ೧೯೫೭ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಆರಂಭವಾಯಿತು. ಅಲ್ಲಿ ಹುಟ್ಟಿದ 'ಸ್ಪರ್ವ್' ಎಂಬ ಯಂತ್ರ ಸ್ವಾಯತ್ತ ನೌಕೆಗಳಲ್ಲಿ ಹಿರಿಯದು. ನೋಡಲು ಅದು ಟಾರ್ಪಿಡೋವೇ.

ಮನುಷ್ಯನನ್ನು ಹೊರಗಿಟ್ಟದ್ದರಿಂದ ನೌಕೆಯ ರಚನೆಯಲ್ಲಿ ಎಂಥ ವ್ಯತ್ಯಾಸವಾಯಿತೆಂಬುದನ್ನು ತಿಳಿಯಬೇಕಾದರೆ ವಿಶಾಖಪಟ್ಟಣದ ಕಡಲತೀರಕ್ಕೆ ಹೋಗಬೇಕು. ಅಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಜಲಾಂತರ್ಗಾಮಿ 'ಕುರ್ಸುರಾ'ವನ್ನು ೨೦೦೨ರಿಂದ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಸುಮಾರು ೯೧ ಮೀಟರ್ ಉದ್ದದ ಆ ಉಕ್ಕಿನ ಕೊಳವೆಯೊಳಗೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಇರುತ್ತಿದ್ದರು. ದುಂಡನೆಯ ಕಿಂಡಿಗಳಲ್ಲಿ ನುಸುಳುತ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದವರು ಗಮನಿಸಿರಬಹುದು: ಟಾರ್ಪಿಡೋಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮನುಷ್ಯರಿಗಾಗಿ, ಇಲ್ಲವೇ ಮನುಷ್ಯರು ಮುಟ್ಟಲೆಂದು ಇರುವ ಗಾಲಿಗಳು, ಹಿಡಿಕೆಗಳು, ಮಾಪಕಗಳು. ಅಡುಗೆಮನೆ, ಮಲಗುವ ಹಲಗೆ, ಶೌಚಾಲಯ, ಉಸಿರಿನ ಗಾಳಿ. ಇಷ್ಟೂ ಜಾಗ ನೀರಿನ ಒತ್ತಡಕ್ಕೆ ಬಗ್ಗದೆ ಟೊಳ್ಳಾಗಿ ಉಳಿಯಬೇಕು. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಆರು ಸಾವಿರ ಮೀಟರ್ ಆಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸ್ಥಳದ ಮೇಲೆ ಸುಮಾರು ಆರು ಕ್ವಿಂಟಲ್ ಭಾರ! ಆದುದರಿಂದಲೇ ಸೇನೆಯ ಜಲಾಂತರ್ಗಾಮಿಗಳು ಕೆಲವು ನೂರು ಮೀಟರುಗಳ ಆಳಕ್ಕಿಂತ ಕೆಳಗಿಳಿಯುವುದು ಅಪರೂಪ.

ಸ್ವಾಯತ್ತ ನೌಕೆ ಈ ಕಾದಾಟಕ್ಕೇ ಹೋಗುವುದಿಲ್ಲ. ಅದರ ಹೊರಮೈ ಬರಿಯ ಹೊದಿಕೆ. ಅದರೊಳಕ್ಕೆ ಸಮುದ್ರ ಧಾರಾಳವಾಗಿ ಬರಬಹುದು. ಒಳಗೂ ಹೊರಗೂ ನೀರೇ ಇದ್ದ ಮೇಲೆ ಅಮುಕುವುದೇನು? ಒಣಗಿರಬೇಕಾದದ್ದು ಗಣಕಯಂತ್ರವೂ ಕೆಲವು ಉಪಕರಣಗಳೂ ಮಾತ್ರ. ಅವುಗಳನ್ನು ಟೈಟೇನಿಯಮ್ ಡಬ್ಬಿಯಲ್ಲಿ ಅಥವಾ ದಪ್ಪ ಗಾಜಿನ ಗೋಲದಲ್ಲಿ ಇಟ್ಟರಾಯಿತು. ತೇಲುವ ಗುಣಕ್ಕಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಳ್ಳೆಗಳನ್ನು ರಾಳದಲ್ಲಿ ಕಲಸಿ ಮಾಡಿದ ಹಗುರವಾದ ಗಟ್ಟಿಯನ್ನು ತುಂಬುತ್ತಾರೆ. ಆದ್ದರಿಂದ ನಾಲ್ಕಾರು ಮಂದಿ ಕೂಡಿ ಸಂಭಾಳಿಸಬಹುದಾದ ಯಂತ್ರವೊಂದು, ದೈತ್ಯಾಕಾರದ ಅಣುಜಲಾಂತರ್ಗಾಮಿ ಕನಸಿನಲ್ಲಿಯೂ ಕಾಣದ ಆಳಕ್ಕೆ ಇಳಿದು ಬರುತ್ತದೆ.

ಹಳಬರಿಗಿದ್ದ ಇನ್ನೊಂದು ಕಷ್ಟ ಇದಕ್ಕೂ ತಪ್ಪಿದ್ದಲ್ಲ. ನೀರಿನೊಳಗೆ ದಾರಿ ಕಾಣುವುದಿಲ್ಲ. ಬೆಳಕು ಬಹುದೂರ ಹೋಗದು. ರೇಡಿಯೋ ಅಲೆಗಳನ್ನು ಉಪ್ಪುನೀರು ನುಂಗಿಬಿಡುತ್ತದೆ. ನಮ್ಮ ಮೊಬೈಲ್ ಫೋನುಗಳಿಗೆ ದಾರಿ ತೋರುವ ಉಪಗ್ರಹಗಳು ಅಲ್ಲಿ ನಿರುಪಯುಕ್ತ. ಉಳಿದದ್ದು ಶಬ್ದ. ಅದು ನೀರಿನಲ್ಲಿ ಸೆಕೆಂಡಿಗೆ ೧,೫೦೦ ಮೀಟರಿನ ಸುಮಾರಿಗೆ ಚಲಿಸುತ್ತದೆ. ಆದರೆ ಅದರ ಮೂಲಕ ಸಾಗಿಸಬಹುದಾದ ಸಮಾಚಾರ ಬಹಳ ಸ್ವಲ್ಪ. ಹೀಗಿರುವುದರಿಂದ ನೌಕೆ ತನ್ನ ಪ್ರತಿಯೊಂದು ತಿರುವನ್ನೂ ವೇಗದ ಏರಿಳಿತವನ್ನೂ ಒಳಗೇ ಲೆಕ್ಕವಿಟ್ಟುಕೊಂಡು, ಕಡಲತಳಕ್ಕೆ ಶಬ್ದ ಹೊಮ್ಮಿಸಿ, ಮರುದನಿಯ ಸ್ವರದಲ್ಲಾಗುವ ವ್ಯತ್ಯಾಸದಿಂದ ತಾನು ಎಷ್ಟು ಸರಿದೆನೆಂದು ಅಳೆದುಕೊಳ್ಳುತ್ತದೆ. ಕಣ್ಣುಕಟ್ಟಿಕೊಂಡವನು ಹೆಜ್ಜೆ ಎಣಿಸುತ್ತ ಊರು ಸುತ್ತಿದ ಹಾಗೆ. ತಪ್ಪು ಸ್ವಲ್ಪಸ್ವಲ್ಪವಾಗಿ ಕೂಡುತ್ತ ಹೋಗುವುದು ಅನಿವಾರ್ಯ. ಆಗಾಗ ಮೇಲೆ ಬಂದು ಉಪಗ್ರಹವನ್ನು ಕೇಳಿ ತಿದ್ದಿಕೊಳ್ಳಬೇಕು. ಯಜಮಾನನ ಅಪ್ಪಣೆ ಕೇಳಲು ಉಪಾಯವಿಲ್ಲದ್ದರಿಂದಲೇ ಈ ನೌಕೆ ಸ್ವಾಯತ್ತವಾಗಬೇಕಾಯಿತು. ಬ್ಯಾಟರಿ ತಗ್ಗಿತೇ, ನೀರು ಒಸರಿತೇ, ನೆಲ ಹತ್ತಿರವಾಯಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಅದರಲ್ಲಿಯೇ ಸಿದ್ಧವಾಗಿರಬೇಕು. ಕಟ್ಟಕಡೆಯ ಉತ್ತರ, ಹೊಟ್ಟೆಗೆ ಕಟ್ಟಿದ ತೂಕದ ಗುಂಡನ್ನು ಕಳಚಿ ಮೇಲಕ್ಕೆ ತೇಲಿಬರುವುದು.

ಈ ವರ್ಗದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 'ಗ್ಲೈಡರ್' ಎಂಬ ಬಗೆ. ಹೆನ್ರಿ ಸ್ಟೊಮೆಲ್ ಎಂಬ ಹಿರಿಯ ಸಾಗರವಿಜ್ಞಾನಿ ೧೯೮೯ರಲ್ಲಿ ಒಂದು ಲೇಖನ ಬರೆದನು. ವಿಜ್ಞಾನದ ಪತ್ರಿಕೆಯಲ್ಲಿ ಬಂದರೂ ಅದು ಕಥೆಯೇ: ೨೦೨೧ರಲ್ಲಿ ನಿಂತು ಹಿಂದಕ್ಕೆ ನೋಡುವ ವಿಜ್ಞಾನಿಯೊಬ್ಬನು, ಸಾವಿರ ಸಂಖ್ಯೆಯ ಚಿಕ್ಕ ಯಂತ್ರಗಳು ಜಗತ್ತಿನ ಕಡಲುಗಳಲ್ಲೆಲ್ಲ ಅಲೆಯುತ್ತ ವರದಿ ಕಳುಹಿಸುವುದನ್ನು ವರ್ಣಿಸುತ್ತಾನೆ. ಅವುಗಳಿಗೆ ಅವನಿಟ್ಟ ಹೆಸರು 'ಸ್ಲೋಕಮ್'. ೧೮೯೫ರಿಂದ ೧೮೯೮ರ ವರೆಗೆ ಪುಟ್ಟ ಹಾಯಿದೋಣಿಯಲ್ಲಿ ಒಂಟಿಯಾಗಿ ಭೂಮಿಯನ್ನು ಸುತ್ತಿಬಂದ ಮೊದಲಿಗನ ಹೆಸರು ಅದು. ಡಗ್ಲಸ್ ವೆಬ್ ಎಂಬ ತಂತ್ರಜ್ಞನು ಆ ಕಥೆಯನ್ನು ಯಂತ್ರವಾಗಿಸಿದನು. ಗ್ಲೈಡರಿಗೆ ತಿರುಗುವ ಚಕ್ರವಿಲ್ಲ. ಕೆಲವದರಲ್ಲಿ ಎಣ್ಣೆಯಿಂದ, ಕೆಲವದರಲ್ಲಿ ಕಡಲಿನ ನೀರಿನಿಂದಲೇ, ತನ್ನ ಗಾತ್ರವನ್ನು ತುಸು ಕುಗ್ಗಿಸಿಕೊಂಡರೆ ಅದು ಮುಳುಗುತ್ತದೆ, ಹಿಗ್ಗಿಸಿಕೊಂಡರೆ ತೇಲುತ್ತದೆ. ಏರುವಾಗಲೂ ಇಳಿಯುವಾಗಲೂ ಪಕ್ಕದ ರೆಕ್ಕೆಗಳು ಆ ಚಲನೆಯನ್ನು ಮುಂದಕ್ಕೆ ಓರೆಮಾಡುತ್ತವೆ. ಗರಗಸದ ಹಲ್ಲಿನಂತೆ ಏರಿಳಿಯುತ್ತ ಅದು ನಡೆಯುತ್ತದೆ, ಮನುಷ್ಯನ ನಡಿಗೆಗಿಂತ ನಿಧಾನವಾಗಿ. ೨೦೦೯ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಬಿಟ್ಟ 'ಸ್ಕಾರ್ಲೆಟ್ ನೈಟ್' ಎಂಬ ಗ್ಲೈಡರು ನ್ಯೂಜೆರ್ಸಿಯಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿ ೨೨೧ ದಿನಗಳಲ್ಲಿ ಸ್ಪೇನಿನ ಕರಾವಳಿಯನ್ನು ಮುಟ್ಟಿತು. ಹಿಂದಿನ ವರ್ಷ ಹೊರಟಿದ್ದ ಅದರ ಜೊತೆಗಾರ ಮಧ್ಯದಲ್ಲಿಯೇ ಕಾಣೆಯಾಗಿತ್ತು.

ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 'ಮಾಯಾ' ಎಂಬ ಚಿಕ್ಕ ಸ್ವಾಯತ್ತ ನೌಕೆಯನ್ನು ತಾನೇ ಕಟ್ಟಿಕೊಂಡಿದೆ. ೨೦೧೬ರ ಮುಂಗಾರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದವರೂ ಜೊತೆಗೂಡಿ, 'ಸಿಂಧು ಸಾಧನ' ಎಂಬ ಸಂಶೋಧನ ಹಡಗಿನಿಂದ ಬಂಗಾಳ ಕೊಲ್ಲಿಯ ದಕ್ಷಿಣಭಾಗದಲ್ಲಿ ಗ್ಲೈಡರುಗಳನ್ನು ಬಿಟ್ಟರು. ಬಂಗಾಳ ಕೊಲ್ಲಿಗೆ ದೊಡ್ಡ ನದಿಗಳ ಸಿಹಿನೀರು ಬಂದು ಸೇರುವುದರಿಂದ ಅದರ ಮೇಲ್ಪದರ ಅಷ್ಟಾಗಿ ಉಪ್ಪಲ್ಲ. ಮುಂಗಾರಿನ ಪ್ರವಾಹ ಅರಬ್ಬಿ ಸಮುದ್ರದ ಹೆಚ್ಚು ಉಪ್ಪಾದ ನೀರನ್ನು ತಂದು ಅದರ ಅಡಿಯಲ್ಲಿ ತೂರಿಸುತ್ತದೆ. ಈ ಎರಡು ನೀರುಗಳ ಬೆರಕೆ ಕೊಲ್ಲಿಯ ಶಾಖವನ್ನೂ, ಶಾಖ ನಮ್ಮ ಮಳೆಯನ್ನೂ ಹೇಗೆ ನಡೆಸುತ್ತದೆಂಬುದು ಅವರ ಶೋಧ. ಮುಂಗಾರಿನ ಅಬ್ಬರದಲ್ಲಿ ಹಡಗೊಂದು ಒಂದೇ ಕಡೆ ವಾರಗಟ್ಟಲೆ ನಿಂತು ಮಾಡಬೇಕಾದ ಅಳತೆಯನ್ನು ಇವು ಅಲೆಗಳ ಕೆಳಗೆ ಸದ್ದಿಲ್ಲದೆ ಮಾಡಿದವು. ಮುಂಗಾರನ್ನು ನಂಬಿದ ನಾಡಿಗೆ ಇದಕ್ಕಿಂತ ಹತ್ತಿರದ ವಿಜ್ಞಾನ ಯಾವುದಿದ್ದೀತು?

ನಾವಿಕರಿಲ್ಲದ ನೌಕೆ ಕಳೆದುಹೋದರೆ ಹೋದದ್ದು ಹಣ, ಮತ್ತು ಕೆಲವರ ವರ್ಷಗಳ ದುಡಿಮೆ. ೨೦೦೫ರ ಫೆಬ್ರವರಿಯಲ್ಲಿ ಬ್ರಿಟನ್ನಿನ 'ಆಟೋಸಬ್' ಅಂಟಾರ್ಕ್ಟಿಕದ ಹಿಮದ ಚಪ್ಪರದ ಕೆಳಗೆ ಹೋಗಿ ಹೊರಬರಲಿಲ್ಲ. ಅದರ ತಮ್ಮನನ್ನು ಕಟ್ಟಿ ೨೦೦೯ರಲ್ಲಿ ಪೈನ್ ಐಲೆಂಡ್ ಹಿಮನದಿಯ ಕೆಳಗೆ ಕಳುಹಿಸಿದರು. ಹಿಮನದಿ ಒಂದು ಕಾಲಕ್ಕೆ ಊರಿಕೊಂಡಿದ್ದ ನೆಲದ ದಿಣ್ಣೆಯೊಂದನ್ನು ಅದು ಕಂಡುಹಿಡಿಯಿತು. ಆ ಹಿಮ ಏಕೆ ಬೇಗ ಕರಗುತ್ತಿದೆಯೆಂಬುದಕ್ಕೆ ಒಂದು ಸುಳಿವು ಸಿಕ್ಕಿತು. ೧೯೬೩ರ ಏಪ್ರಿಲಿನಲ್ಲಿ 'ಥ್ರೆಶರ್' ಎಂಬ ಅಮೆರಿಕದ ಅಣುಜಲಾಂತರ್ಗಾಮಿ ಮುಳುಗಿದಾಗ ೧೨೯ ಮಂದಿ ಸತ್ತಿದ್ದರು. ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು.

ಹಾಗಾದರೆ ಮನುಷ್ಯ ಒಳಗಿರುವುದರಿಂದ ಲಾಭವೇ ಇಲ್ಲವೇ? ೧೯೬೨ರ ಅಕ್ಟೋಬರ್ ೨೭ರ ದಿನವನ್ನು ನೆನೆದುಕೊಳ್ಳಬೇಕು. ಕ್ಯೂಬಾದ ಬಿಕ್ಕಟ್ಟಿನ ಕಾಲ. ಸೋವಿಯತ್ ಜಲಾಂತರ್ಗಾಮಿ 'ಬಿ-೫೯' ಅಟ್ಲಾಂಟಿಕ್ಕಿನಲ್ಲಿ ಮುಳುಗಿಕೊಂಡಿತ್ತು. ಅದು ನಮ್ಮ ಕುರ್ಸುರಾದ ವರ್ಗಕ್ಕೇ ಸೇರಿದ್ದು. ಅದರೊಳಗಿನ ಇಕ್ಕಟ್ಟನ್ನು ವಿಶಾಖಪಟ್ಟಣದಲ್ಲಿ ಕಂಡವರು ಊಹಿಸಬಲ್ಲರು. ಅಮೆರಿಕದ ಹಡಗುಗಳು ಅದನ್ನು ಮೇಲೆಬ್ಬಿಸಲು ಎಚ್ಚರಿಕೆಯ ಸಿಡಿಗುಂಡುಗಳನ್ನು ಹಾಕುತ್ತಿದ್ದವು. ಒಳಗೆ ಬ್ಯಾಟರಿ ಬರಿದಾಗುತ್ತಿತ್ತು, ಸೆಕೆ ತಾಳಲಾರದಷ್ಟಾಗಿತ್ತು, ಗಾಳಿ ಕೆಟ್ಟಿತ್ತು, ಮಾಸ್ಕೋದೊಡನೆ ಸಂಪರ್ಕವಿರಲಿಲ್ಲ. ಯುದ್ಧ ಆರಂಭವಾಗಿದೆಯೋ ಇಲ್ಲವೋ ತಿಳಿಯದು. ಆ ದೋಣಿಯಲ್ಲಿ ಅಣ್ವಸ್ತ್ರವಿದ್ದ ಟಾರ್ಪಿಡೋ ಒಂದಿತ್ತು. ಕಪ್ತಾನನು ಅದನ್ನು ಸಿದ್ಧಪಡಿಸಲು ಹೇಳಿದನೆಂದೂ, ಅದೇ ದೋಣಿಯಲ್ಲಿದ್ದ ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಒಪ್ಪದೆ ಅವನನ್ನು ಸಮಾಧಾನಪಡಿಸಿದನೆಂದೂ ಅಲ್ಲಿದ್ದ ಇನ್ನೊಬ್ಬ ಅಧಿಕಾರಿ ಮುಂದೆ ಹೇಳಿದ್ದಾನೆ. ದೋಣಿ ಮೇಲೆದ್ದಿತು, ಟಾರ್ಪಿಡೋ ಹೊರಡಲಿಲ್ಲ.

ಉಸಿರುಗಟ್ಟುತ್ತಿದ್ದ ಮನುಷ್ಯರೇ ಅಲ್ಲಿನ ಅಪಾಯ, ನಿಜ. ಯಂತ್ರಕ್ಕೆ ಸೆಕೆಯಿಲ್ಲ, ಸಿಟ್ಟಿಲ್ಲ. ಆದರೆ ಅಪ್ಪಣೆಯ ಎಲ್ಲೆಯನ್ನು ಮೀರಿ 'ಬೇಡ' ಎನ್ನುವ ಇನ್ನೊಬ್ಬ ಅಧಿಕಾರಿಯೂ ಅದರಲ್ಲಿಲ್ಲ. ಅಣುಶಕ್ತಿಯಿಂದ ಓಡಿ ಅಣ್ವಸ್ತ್ರ ಹೊರಬಲ್ಲ ಮಾನವರಹಿತ ಟಾರ್ಪಿಡೋವೊಂದರ ಸುದ್ದಿಯನ್ನು ರಷ್ಯದ ಅಧ್ಯಕ್ಷರು ೨೦೧೮ರ ಮಾರ್ಚಿನಲ್ಲಿ ಸಾರಿದರು. ಅಮೆರಿಕದ ನೌಕಾಪಡೆ 'ಓರ್ಕಾ' ಎಂಬ ಭಾರಿ ಗಾತ್ರದ ನಾವಿಕರಹಿತ ನೌಕೆಯ ಮೊದಲನೆಯದನ್ನು ೨೦೨೩ರ ಡಿಸೆಂಬರಿನಲ್ಲಿ ಪಡೆಯಿತು. ಟಾರ್ಪಿಡೋದ ಸಂತಾನ ತನ್ನ ಪೂರ್ವಿಕರ ವೃತ್ತಿಗೆ ಮರಳುತ್ತಿರುವುದು ನನಗಂತೂ ಸಮಾಧಾನದ ಸಂಗತಿಯಲ್ಲ.

ಈ ಎರಡು ವಂಶಗಳೂ ಕಡಲತಳದಲ್ಲಿ ಒಮ್ಮೆ ಎದುರುಬದುರಾದದ್ದುಂಟು. ೨೦೧೭ರ ನವೆಂಬರ್ ೧೫ರಂದು ಅರ್ಜೆಂಟೀನದ ಜಲಾಂತರ್ಗಾಮಿ 'ಸಾನ್ ಹುವಾನ್' ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಕಣ್ಮರೆಯಾಯಿತು. ಗಾಳಿ ಎಳೆದುಕೊಳ್ಳುವ ಕೊಳವೆಯ ಮೂಲಕ ಸಮುದ್ರದ ನೀರು ನುಗ್ಗಿ ಬ್ಯಾಟರಿಗಳಲ್ಲಿ ವಿದ್ಯುತ್ತಿನ ಅವಾಂತರವಾಯಿತೆಂದು ಅದು ಕೊನೆಗೆ ತಿಳಿಸಿತ್ತು. ಬುಷ್ನೆಲ್ಲನ ಕಾಲದಿಂದ ಬಂದ ಅದೇ ಗಾಳಿಯ ಸಮಸ್ಯೆ. ಒಳಗೆ ನಲವತ್ತನಾಲ್ಕು ಮಂದಿ ಇದ್ದರು. ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಕಡಲಿನಲ್ಲಿ ಇಟ್ಟಿದ್ದ ಶಬ್ದಗ್ರಾಹಕಗಳು ಆ ದಿನ ಒಂದು ಸ್ಫೋಟದಂಥ ಸದ್ದನ್ನು ಕೇಳಿದ್ದವು. ಹಲವು ದೇಶಗಳ ಹಡಗುಗಳೂ ವಿಮಾನಗಳೂ ಹುಡುಕಿದವು, ಸಿಗಲಿಲ್ಲ. ಮರುವರ್ಷ 'ಓಷನ್ ಇನ್ಫಿನಿಟಿ' ಎಂಬ ಖಾಸಗಿ ಕಂಪನಿಯ ಹಡಗು ಐದು ಸ್ವಾಯತ್ತ ನೌಕೆಗಳನ್ನು ಒಟ್ಟಿಗೆ ನೀರಿಗಿಳಿಸಿ ಕಡಲತಳವನ್ನು ಪಟ್ಟೆಪಟ್ಟೆಯಾಗಿ ಶೋಧಿಸತೊಡಗಿತು. ಹೊಲ ಉಳುವವನು ಸಾಲು ಹಿಡಿದು ಹೋಗಿ ಬಂದ ಹಾಗೆ ಅವು ಹೋಗಿಬಂದವು. ೨೦೧೮ರ ನವೆಂಬರ್ ಮಧ್ಯಭಾಗದಲ್ಲಿ, ಸರಿಸುಮಾರು ಒಂದು ವರ್ಷ ತುಂಬುವ ಹೊತ್ತಿಗೆ, ಒಂಬೈನೂರು ಮೀಟರಿನಷ್ಟು ಆಳದಲ್ಲಿ ಒಂದು ಉದ್ದನೆಯ ವಸ್ತುವಿನ ನೆರಳು ಮರುದನಿಯ ಚಿತ್ರದಲ್ಲಿ ಮೂಡಿತು. ಚಿತ್ರವನ್ನು ತಂದ ಯಂತ್ರಕ್ಕೆ ಅದು ಏನೆಂದು ತಿಳಿಯದು. ಹಡಗಿನ ಮೇಲಿದ್ದವರು ನೋಡಿದರು. ಬಳಿಕ ತಂತಿಯಿಂದ ನಡೆಸುವ ಇನ್ನೊಂದು ಯಂತ್ರಕ್ಕೆ ಕ್ಯಾಮೆರಾ ಕಟ್ಟಿ ಕೆಳಗಿಳಿಸಿ ಖಚಿತಮಾಡಿಕೊಂಡರು. ಒತ್ತಡಕ್ಕೆ ಒಡಲು ನುಜ್ಜಾಗಿತ್ತು. ದಡದಲ್ಲಿ ಕಾಯುತ್ತಿದ್ದ ಮನೆಯವರಿಗೆ ಸುದ್ದಿ ಹೋಯಿತು. ನೌಕೆಯನ್ನು ಮೇಲಕ್ಕೆತ್ತಲಿಲ್ಲ, ಅದು ಆ ನಲವತ್ತನಾಲ್ವರೊಡನೆ ಅಲ್ಲಿಯೇ ಇದೆ.